ಮಾಲೀಕರು ಕರೆ ಸ್ವೀಕರಿಸಿಲ್ಲ

ಸೋಮವಾರ ಬೈಂಡಿಂಗ್ ಯಜಮಾನರು ಮತ್ತೆ ಬಂದರೆ ಏನು ಹೇಳುವುದು? ಈ ಒಂದು ಚಿಂತೆ ಅವಳ ತಲೆ ಹೊಕ್ಕು ಐದು ವಾರವಾಗಿತ್ತು. ಮಗುವಿನ ಬಟ್ಟೆ ಹಿಂಡುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ತೂಗಾಡುವಾಗ, ಹಾಲು ಹದವಾಗಿದೆಯೇ ಎಂದು ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡುವಾಗ, ಇದ್ದಕ್ಕಿದ್ದಂತೆ ಯಜಮಾನರ ಮುಖ ಎದುರಿಗೆ ಬಂದು ನಿಲ್ಲುತ್ತಿತ್ತು. ಅವರು ಗದರಿಸುವವರಾಗಿದ್ದರೆ ಎಷ್ಟೋ ವಾಸಿಯಿತ್ತು. ಅವರು ಬರುವುದು, ಚಪ್ಪಲಿಯ ಧೂಳನ್ನು ಹೊರಗೇ ಕೊಡವುವುದು, ಕಿಟಕಿಯ ಹತ್ತಿರ ಬಗ್ಗಿ “ಏನಾದ್ರೂ ಸುದ್ದಿ ಇದೆಯಾ ಮೇಡಂ?” ಅನ್ನುವುದು. ಅವಳು ಇಲ್ಲವೆಂದು ತಲೆಯಾಡಿಸಿದರೆ “ಪರವಾಗಿಲ್ಲ, ಮುಂದಿನ ವಾರ ಬರ್ತೀನಿ” ಎಂದು ಹೋಗುವುದು. ಅಷ್ಟೇ.

ಮೊದಲೇ ಅವಳದು ಪುಕ್ಕಲು ಜೀವ. ಮಗು ನಿದ್ದೆ ಮಾಡಿದರೆ ಉಸಿರಾಡುತ್ತಿದೆಯೇ ಎಂದು ಮೂಗಿನ ಕೆಳಗೆ ಬೆರಳಿಟ್ಟು ನೋಡುವಳು. ಉಸಿರು ತಾಗಿದರೆ, ಇಷ್ಟು ಜೋರಾಗಿ ಯಾಕೆ ಉಸಿರಾಡುತ್ತಿದೆ ಎಂದು ಮತ್ತೆ ನೋಡುವಳು. “ಚಿಂತೆ ಇಲ್ಲದಿದ್ರೆ ಇವಳಿಗೆ ಅದೇ ಒಂದು ಚಿಂತೆ” ಎಂದು ಗಂಡ ಬಂದವರ ಮುಂದೆಲ್ಲ ನಗುತ್ತಿದ್ದ. ಅತ್ತೆ ಮಾತ್ರ ನಗುತ್ತಿರಲಿಲ್ಲ. “ಅವಳು ನೋಡ್ಕೊಳ್ಳೋದಕ್ಕೇ ನೀನು ನೆಮ್ಮದಿಯಾಗಿ ಮಲಗ್ತೀಯ” ಎಂದು ಮಗನ ಬಾಯಿ ಮುಚ್ಚಿಸುತ್ತಿದ್ದರು.

ಅವಳ ಕೆಲಸ ನಗರಸಭೆಯಲ್ಲಿ. ಕೆಳಗಿನ ಅಂತಸ್ತು, ನೀರಿನ ವಿಭಾಗದ ಪಕ್ಕದ ಸಣ್ಣ ಕೋಣೆ. ಒಂದು ಮೇಜು, ಒಂದು ಕಂಪ್ಯೂಟರ್, ಪ್ರಾಣಿಗಳನ್ನು ತೂಗುವ ತಕ್ಕಡಿ, ಫಿನಾಯಿಲ್ ವಾಸನೆ. ಬೆಕ್ಕು ಸಾಕುವವರೆಲ್ಲ ನೋಂದಣಿ ಮಾಡಿಸಲೇಬೇಕು ಎಂಬ ನಿಯಮ ಬಂದಾಗ ಅವಳನ್ನು ಇಲ್ಲಿಗೆ ಹಾಕಿದರು. ಬೆಕ್ಕಿನ ಹೆಗಲ ನಡುವೆ ಚರ್ಮದಡಿ ಅಕ್ಕಿಕಾಳಿನಷ್ಟು ಸಣ್ಣ ಚಿಪ್ ಹಾಕುವುದು ಪಕ್ಕದ ಸ್ಟೂಲಿನ ಮೇಲೆ ಕೂರುವ ಹಳೆಯ ಕಾಂಪೌಂಡರರ ಕೆಲಸ. ಅವರಿಗೆ ಇಡೀ ಕಚೇರಿ ಸೂಜಿಮಾಮ ಎನ್ನುತ್ತಿತ್ತು. ಚಿಪ್ಪಿನ ಹದಿನೈದು ಅಂಕಿಯ ನಂಬರನ್ನು ಯಂತ್ರದಲ್ಲಿ ಓದಿ, ಮಾಲೀಕರ ಹೆಸರು, ವಿಳಾಸ, ಫೋನ್ ಸಮೇತ ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ. ಹಾಗಾಗಿ ಅವಳು ಚಿಪ್ಪಕ್ಕ. ಬೀದಿಯಲ್ಲಿ ಸಿಕ್ಕ ಬೆಕ್ಕನ್ನು ನಗರಸಭೆಯವರು ಊರಾಚೆಯ ಶೆಡ್ಡಿಗೆ ಒಯ್ಯುತ್ತಾರೆ, ಚಿಪ್ ಇದ್ದರೆ ಅದರ ನಂಬರಿನಡಿ ದಾಖಲಾದ ಫೋನಿಗೆ ಮೂರು ದಿನ ಕರೆ ಮಾಡುತ್ತಾರೆ, ಏಳು ದಿನ ಕಾಯುತ್ತಾರೆ. ಎಂಟನೇ ದಿನ ಏನು ಮಾಡಬೇಕು ಅನ್ನುವುದು ಶೆಡ್ಡಿನ ಡಾಕ್ಟರಮ್ಮನಿಗೆ ಬಿಟ್ಟದ್ದು.

ನೋಂದಣಿಗೆ ಕೊಟ್ಟ ಗಡುವಿನ ಕೊನೆಯ ದಿನ ಸಾಲು ಮೆಟ್ಟಿಲು ದಾಟಿ ಗೇಟಿನವರೆಗೆ ಬೆಳೆದಿತ್ತು. ಅವಳಿಗೆ ಆಗ ಎಂಟು ತಿಂಗಳು, ಹೊಟ್ಟೆ ಮೇಜಿಗೆ ತಾಗುತ್ತಿತ್ತು. ಜನ ಬುಟ್ಟಿಯಲ್ಲಿ, ಕೈಚೀಲದಲ್ಲಿ, ದಿಂಬಿನ ಕವರಿನಲ್ಲಿ ಬೆಕ್ಕು ತಂದಿದ್ದರು. ಒಬ್ಬಾಕೆ ಅರ್ಜಿ ಓದಿ, “ಇದರ ಅಪ್ಪನ ಹೆಸರೂ ಬರೀಬೇಕಾ?” ಎಂದರು.

“ಅಪ್ಪನದಲ್ಲ, ನಿಮ್ಮದು.”

“ಸದ್ಯ. ಆ ಮಹರಾಯ ಕಾಂಪೌಂಡ್ ಹಾರಿ ಹೋದವನು ತಿರುಗಿ ನೋಡಿಲ್ಲ.”

ಆ ಸಾಲಿನಲ್ಲೇ ಬೈಂಡಿಂಗ್ ಯಜಮಾನರು ತಂಗಿಯ ಕೈಹಿಡಿದು ಬಂದಿದ್ದರು. ನಗರಸಭೆಯ ದೊಡ್ಡ ರಿಜಿಸ್ಟರುಗಳಿಗೆಲ್ಲ ಬೈಂಡ್ ಹಾಕುವವರು ಅವರೇ, ಮೂವತ್ತು ವರ್ಷದಿಂದ. ತಂಗಿಗೆ ಕಣ್ಣು ಕಾಣುವುದಿಲ್ಲ. ಹತ್ತು ವರ್ಷದ ಹಿಂದೆ ಕಾಯಿಲೆಯಲ್ಲಿ ದೃಷ್ಟಿ ಹೋಯಿತು, ಕೆಲಸ ಮಾತ್ರ ಹೋಗಲಿಲ್ಲ. ಕಾಗದದ ಕಟ್ಟುಗಳಿಗೆ ದಾರ ಹೊಲಿಯುವುದು ಇವತ್ತಿಗೂ ಅವರೇ, ಬೆರಳಲ್ಲೇ ಅಳೆದು. ಇಬ್ಬರಿಗೂ ಮದುವೆಯಿಲ್ಲ, ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ವಾಸ. ಬೈಂಡಿಂಗಿನ ಹಿಟ್ಟಿನ ಅಂಟಿಗೆ ಇಲಿ ಬರುತ್ತವೆಂದು ತಂದು ಸಾಕಿದ ಬೆಕ್ಕು ಒಂದು ಇಲಿಯನ್ನೂ ಹಿಡಿಯದೆ ತಂಗಿಯ ಮಡಿಲಿಗೆ ಅಂಟಿಕೊಂಡಿತು. ಅದಕ್ಕೇ ಗೋಂದು ಎಂದು ಹೆಸರು. ಕಾಗದ ಬಂದ ಪೆಟ್ಟಿಗೆಗೆ ತೂತು ಕೊರೆದು ಅದನ್ನು ಕೂರಿಸಿಕೊಂಡು ಬಂದಿದ್ದರು.

“ಬಣ್ಣ?” ಎಂದು ಅವಳು ಕೇಳಿದಳು.

“ಬೂದಿ” ಎಂದರು ಯಜಮಾನರು.

“ಬಣ್ಣ ಅವನನ್ನ ಕೇಳಮ್ಮ. ಗುರುತು ನನ್ನನ್ನ ಕೇಳು” ಎಂದು ತಂಗಿ ಪೆಟ್ಟಿಗೆಯೊಳಗೆ ಕೈ ಇಳಿಬಿಟ್ಟರು. “ಬರ್ಕೋ. ಬಲಗಿವಿಯ ತುದಿ ಹರಿದಿದೆ. ಬಾಲದ ಕೊನೇಲಿ ಒಂದು ಗಂಟಿದೆ, ಯಾವತ್ತೋ ಮುರಿದು ಕೂಡಿದ್ದು. ಗಂಟಲ ಕೆಳಗೆ ಕೂದಲು ತೆಳು. ಸಿಟ್ಟು ಬಂದ್ರೆ ಮೀಸೆ ಮುಂದಕ್ಕೆ ಬರುತ್ತೆ.”

“ಮೀಸೆಗೆ ಜಾಗ ಇಲ್ಲಮ್ಮ ಇದರಲ್ಲಿ.”

“ಸಣ್ಣಕ್ಷರದಲ್ಲಿ ಬರಿ.”

ಬರೆದಳು. ಸಾಲಿನಲ್ಲಿದ್ದವರು ನಕ್ಕರು, ತಂಗಿಯೂ ನಕ್ಕರು. ಆಮೇಲೆ ಫೋನ್ ನಂಬರು ಕೇಳಿದಾಗ ಯಜಮಾನರು ತಲೆಯಾಡಿಸಿದರು.

“ನಮ್ಮಲ್ಲಿ ಫೋನಿಲ್ಲ ಮೇಡಂ. ಬೇಕಾದವರು ಅಂಗಡಿಗೇ ಬರ್ತಾರೆ.”

ಹತ್ತು ಅಂಕಿ ತುಂಬದೆ ಕಂಪ್ಯೂಟರ್ ಮುಂದಿನ ಪುಟಕ್ಕೆ ಹೋಗುತ್ತಿರಲಿಲ್ಲ. ಪರದೆಯ ಮೇಲೆ ಕೆಂಪು ಗೆರೆ ಹಾಕಿ ಹಠ ಹಿಡಿದು ಕೂರುತ್ತಿತ್ತು. ಹಿಂದೆ ನಿಂತವರು ಗೊಣಗುತ್ತಿದ್ದರು. ಬೆಳಗಿನಿಂದ ಇಂಥ ಹತ್ತು ಅರ್ಜಿಗಳಿಗೆ ಏನು ಮಾಡಿದ್ದಳೋ ಇದಕ್ಕೂ ಅದನ್ನೇ ಮಾಡಿದಳು. ತನ್ನದೇ ಫೋನ್ ನಂಬರು ಹಾಕಿದಳು. “ಸದ್ಯಕ್ಕೆ ನನ್ನದು ಇರಲಿ. ನೀವು ಫೋನ್ ತಗೊಂಡು ನಂಬರ್ ತಂದ್ಕೊಡಿ, ಬದಲಾಯಿಸ್ತೀನಿ” ಎಂದಳು. ಸೂಜಿಮಾಮ ಸೂಜಿಗೆ ಚಿಪ್ ಏರಿಸುತ್ತ, “ಹನ್ನೊಂದಾಯ್ತು. ಒಂದು ಹೊಟ್ಟೇಲಿ, ಹನ್ನೊಂದು ಕಂಪ್ಯೂಟರಲ್ಲಿ. ಬಾಣಂತನ ಯಾರು ಮಾಡ್ತಾರೆ ಚಿಪ್ಪಕ್ಕ?” ಎಂದರು. ಅವಳಿಗೂ ನಗು ಬಂತು.

ಉಳಿದ ಹತ್ತು ನಂಬರುಗಳು ಒಂದೊಂದಾಗಿ ಬಂದವು, ಅವಳು ತಿದ್ದಿದಳು. ಹನ್ನೊಂದನೆಯದು ಬಂದದ್ದು ಹೆರಿಗೆ ರಜೆಗೆ ಹೋಗುವ ದಿನ, ಕಚೇರಿ ಮುಗಿಯಲು ಹತ್ತು ನಿಮಿಷವಿದ್ದಾಗ. ಯಜಮಾನರು ಗುಂಡಿ ಒತ್ತುವ ಸಣ್ಣ ಫೋನೊಂದನ್ನು ಜೇಬಿನಿಂದ ತೆಗೆದು ತೋರಿಸಿದರು. “ಬೆಕ್ಕಿಗೋಸ್ಕರ ತಗೊಂಡದ್ದು. ನಮಗೆ ಯಾರು ಮಾಡ್ತಾರೆ ಫೋನು?” ರಟ್ಟಿನ ತುಂಡೊಂದರ ಮೇಲೆ ದುಂಡಗೆ ನಂಬರು ಬರೆದುಕೊಂಡು ಬಂದಿದ್ದರು. ಅಷ್ಟು ಹೊತ್ತಿಗೆ ಅವಳು ಕಂಪ್ಯೂಟರ್ ಆರಿಸಿದ್ದಳು. ಕಾಲು ಊದಿಕೊಂಡಿತ್ತು, ಬಸ್ಸು ತಪ್ಪಿದರೆ ಇನ್ನೊಂದಕ್ಕೆ ಮುಕ್ಕಾಲು ಗಂಟೆ. ಬದಲಿಗೆ ಬರುವವಳಿಗೆ ನಾಳೆ ಫೋನ್ ಮಾಡಿ ಹೇಳಿದರಾಯಿತು ಎಂದುಕೊಂಡು ರಟ್ಟನ್ನು ಮೇಜಿನ ಡ್ರಾಯರಿಗೆ ಹಾಕಿದಳು. “ಆಯ್ತು, ಹೋಗಿ ಬನ್ನಿ” ಎಂದಳು. ಮರುದಿನ ನೋವು ಶುರುವಾಯಿತು. ಮಗು ಬಂತು. ಡ್ರಾಯರು, ರಟ್ಟು, ನಂಬರು, ಯಾವುದೂ ತಲೆಯಲ್ಲಿ ಉಳಿಯಲಿಲ್ಲ.

ಮಗು ಎರಡು ತಿಂಗಳದಾಗಿತ್ತು. ಹೊಟ್ಟೆನೋವಿನ ಮಗು, ಅತ್ತರೆ ಗಂಟೆಗಟ್ಟಲೆ. ಬೆಳಗ್ಗೆ ಹನ್ನೊಂದರ ಸುಮಾರಿಗೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿದರೆ ಅದೇ ದೊಡ್ಡ ಪುಣ್ಯ. ಆ ಇಪ್ಪತ್ತು ನಿಮಿಷದಲ್ಲಿ ಅವಳ ಫೋನ್ ರಿಂಗಾಯಿತು. ಗೊತ್ತಿಲ್ಲದ ನಂಬರು. ಮಗು ಬೆಚ್ಚಿ ಎದ್ದು ಕಿರುಚಿತು. ಅವಳು ಕರೆ ಕತ್ತರಿಸಿದಳು. ಮರುದಿನ ಅದೇ ಹೊತ್ತಿಗೆ ಅದೇ ನಂಬರು, ಮತ್ತೆ ಕತ್ತರಿಸಿದಳು. ಮೂರನೆಯ ದಿನ ಬಂದಾಗ ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂತು. ಆ ನಂಬರನ್ನೇ ಬ್ಲಾಕ್ ಮಾಡಿದಳು. “ಮಗು ಹುಟ್ಟೋದೇ ತಡ, ಪಾಲಿಸಿ ಮಾರೋಕೆ ಬರ್ತಾರೆ” ಎಂದು ಗಂಡನಿಗೆ ಹೇಳಿದಳು. “ಒಳ್ಳೇ ಕೆಲಸ ಮಾಡಿದೆ” ಎಂದ ಅವನು.

ರಜೆ ಮುಗಿಸಿ ಬಂದಾಗ ಮೇಜಿನ ಮೇಲೆ ಶೆಡ್ಡಿನ ಕಾಗದಗಳ ಆರು ಕಟ್ಟು ಕೂತಿದ್ದವು. ತಿಂಗಳಿಗೊಂದು ಕಟ್ಟು ಬರುತ್ತದೆ, ಸತ್ತ ಪ್ರಾಣಿಗಳದ್ದು. ಅದನ್ನು ನೋಡಿ ಕಂಪ್ಯೂಟರಿನಲ್ಲಿ ಆಯಾ ನಂಬರು ಮುಚ್ಚಬೇಕು. ಬದಲಿಗೆ ಬಂದಿದ್ದವಳು ದಾರವನ್ನೂ ಬಿಚ್ಚಿರಲಿಲ್ಲ. ಅವಳು ಮೊದಲ ದಿನವೇ ಕೂತಳು. ಮೂರನೆಯ ಕಟ್ಟಿನ ಏಳನೆಯದೋ ಎಂಟನೆಯದೋ ಕಾಗದ. ಹದಿನೈದು ಅಂಕಿ ಒತ್ತಿದಳು. ಪರದೆ ತೆರೆಯಿತು. ಬಲಗಿವಿಯ ತುದಿ ಹರಿದಿದೆ. ಬಾಲದ ಕೊನೆಯಲ್ಲಿ ಗಂಟು. ಸಿಟ್ಟು ಬಂದರೆ ಮೀಸೆ. ಅದರ ಕೆಳಗೆ ಅವಳ ಫೋನ್ ನಂಬರು.

ಕಾಗದದಲ್ಲಿ ಶೆಡ್ಡಿನವರು ನೀಟಾಗಿ ಬರೆದಿದ್ದರು. ಪೇಟೆಯ ಹಿಂದಿನ ರಸ್ತೆ, ಗಾಡಿ ತಾಗಿದೆ, ಸೊಂಟದ ಮೂಳೆ ಮುರಿದಿದೆ. ಮೊದಲ ಕರೆ ಹನ್ನೊಂದು ಹತ್ತಕ್ಕೆ. ಎರಡನೆಯದು ಹನ್ನೊಂದು ಐದಕ್ಕೆ. ಮೂರನೆಯದು ಹನ್ನೊಂದು ಇಪ್ಪತ್ತಕ್ಕೆ. ಮಾಲೀಕರು ಕರೆ ಸ್ವೀಕರಿಸಿಲ್ಲ. ಎಂಟನೆಯ ದಿನ, ಇಂಜೆಕ್ಷನ್ ಕೊಟ್ಟು ನೋವು ಮುಗಿಸಲಾಗಿದೆ.

ಅವಳು ಫೋನ್ ತೆಗೆದು ಬ್ಲಾಕ್ ಮಾಡಿದ ನಂಬರುಗಳನ್ನು ನೋಡಿದಳು. ಇದ್ದದ್ದು ಒಂದೇ. ಗೋಡೆಯ ಮೇಲಿನ ಪಟ್ಟಿಯಲ್ಲಿ ಶೆಡ್ಡಿನ ನಂಬರೂ ಅದೇ. ಸೂಜಿಮಾಮ ಅವಳ ಮುಖ ನೋಡಿ ಎದ್ದು ಬಂದರು, ಕಾಗದ ಓದಿದರು, ಪರದೆ ನೋಡಿದರು. ಜೋಕು ಹೇಳಲಿಲ್ಲ.

“ಹೀಗೆ ಮಾಡು” ಎಂದರು ಮೆಲ್ಲಗೆ. “ಆ ಫೋನ್ ನಂಬರ್ ತೆಗೆದು ಅವರದ್ದು ಹಾಕು. ಕಾಗದ ಕಟ್ಟಿಗೆ ಸೇರಿಸು. ಬೆಕ್ಕು ಅಂದ್ಮೇಲೆ ಎಲ್ಲಾದ್ರೂ ಹೋಗುತ್ತೆ, ಸ್ವಲ್ಪ ದಿನ ಹುಡುಕಿ ಸುಮ್ಮನಾಗ್ತಾರೆ. ನೀನು ಹೇಳಿದ್ರೆ ಅದೇನು ಎದ್ದು ಬರುತ್ತಾ? ಮನೇಲಿ ಕೈಗೂಸಿದೆ, ಕೆಲಸ ನೋಡ್ಕೋ.”

ಅವಳು ಹೂಂಗುಟ್ಟಿದಳು. ನಂಬರು ಮಾತ್ರ ಬದಲಾಯಿಸಲಿಲ್ಲ. ಮುಟ್ಟಲು ಕೈ ಬರಲಿಲ್ಲ.

ಮುಂದಿನ ಸೋಮವಾರ ಯಜಮಾನರು ಬಂದರು. ಸೋಮವಾರ ಬೈಂಡಿಂಗ್ ಅಂಗಡಿಗೆ ರಜೆ. ಮೂರು ತಿಂಗಳಿಂದ ಪ್ರತಿ ಸೋಮವಾರ ಬರುತ್ತಿದ್ದಾರೆಂದು ಅವಳಿಗೆ ಆಗ ತಿಳಿಯಿತು. “ನೀವು ಬಂದ್ರಲ್ಲ, ಇನ್ನು ಧೈರ್ಯ. ನಿಮ್ಮ ಬದಲಿಗೆ ಇದ್ದವರಿಗೆ ನಮ್ಮ ಗೋಂದು ಗೊತ್ತಿರಲಿಲ್ಲ ನೋಡಿ. ಮಗು ಚೆನ್ನಾಗಿದೆಯಾ?” ಎಂದರು. ಜೇಬಿನಿಂದ ಫೋನ್ ತೆಗೆದು, “ಯಾವಾಗಲೂ ಚಾರ್ಜಲ್ಲೇ ಇರುತ್ತೆ. ಒಂದು ಸಲವೂ ಆರಿಸಿಲ್ಲ. ಶೆಡ್ಡಿಗೆ ಬಂದ್ರೆ ಫೋನ್ ಬಂದೇ ಬರುತ್ತಲ್ಲ” ಎಂದರು. ಅವಳು ಪರದೆ ನೋಡುತ್ತ “ಇನ್ನೂ ಇಲ್ಲ” ಎಂದಳು.

ಆ ವಾರ ಮಧ್ಯಾಹ್ನದ ರಜೆ ಹಾಕಿ ಶೆಡ್ಡಿಗೆ ಹೋದಳು. ಯಾಕೆ ಹೋದಳೋ ಅವಳಿಗೂ ಗೊತ್ತಿಲ್ಲ. ಡಾಕ್ಟರಮ್ಮ ಕೈಗವಸು ಬಿಚ್ಚುತ್ತ ನೆನಪಿಸಿಕೊಂಡರು. “ಆ ಬೂದಿ ಬೆಕ್ಕಾ? ಮರೆಯೋದು ಹೇಗೆ. ಆಪರೇಷನ್ ಮಾಡಿದ್ರೆ ಉಳೀತಿತ್ತೋ ಏನೋ, ಕುಂಟ್ಕೊಂಡಾದ್ರೂ. ಮಾಲೀಕರ ಒಪ್ಪಿಗೆ ಇಲ್ಲದೆ ನಾವು ಕೊಯ್ಯೋ ಹಾಗಿಲ್ಲ. ನೋವಿಗೆ ಔಷಧ ಕೊಟ್ಟು ಕಾದ್ವಿ. ಯಾರು ಬಾಗಿಲು ತೆಗೆದ್ರೂ ತಲೆ ಎತ್ತಿ ನೋಡೋದು, ಆಮೇಲೆ ಮತ್ತೆ ಕೆಳಗಿಡೋದು.” ಕೈ ತೊಳೆದು ಒರೆಸಿಕೊಂಡರು. “ಎಂಥ ಜನಾನೋ. ಚಿಪ್ ಹಾಕಿಸ್ತಾರೆ, ಫೋನ್ ಎತ್ತಲ್ಲ.”

“ಹೌದು” ಎಂದಳು ಅವಳು.

ಮೂರನೆಯ ಸೋಮವಾರ ಯಜಮಾನರು ಮತ್ತದೇ ಕಾಗದದ ಪೆಟ್ಟಿಗೆ ಹೊತ್ತು ಬಂದರು. ಪೆಟ್ಟಿಗೆಯೊಳಗೆ ಬೂದಿ ಬಣ್ಣದ ಬೆಕ್ಕೊಂದು ಮುದುಡಿ ಕೂತಿತ್ತು. ಎರಡು ಬೀದಿಯಾಚೆ ಸಿಕ್ಕಿತಂತೆ.

“ನನ್ನ ಕಣ್ಣಿಗೆ ಅದೇ ಮೇಡಂ. ಸ್ವಲ್ಪ ಸೊರಗಿದೆ, ಅಷ್ಟೇ. ತಂಗಿ ಬಾಲ ಮುಟ್ಟಿದ್ಲು, ಅಲ್ಲ ಅಂತ ಕೈ ತೆಗೆದ್ಲು. ಅವಳ ಬೆರಳು ತಪ್ಪಲ್ಲ, ಆದ್ರೂ ನಿಮ್ಮ ಯಂತ್ರ ಒಂದು ಮಾತು ಹೇಳಲಿ ಅಂತ ತಂದೆ.”

ಅಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಎದ್ದು ಯಂತ್ರವನ್ನು ಬೆಕ್ಕಿನ ಹೆಗಲ ಮೇಲೆ ಆಡಿಸಿದಳು. ಬೆನ್ನ ಮೇಲೆ, ಪಕ್ಕೆಯ ಮೇಲೆ, ಮತ್ತೆ ಹೆಗಲ ಮೇಲೆ. ಯಜಮಾನರು ಸದ್ದಿಗೆ ಕಾದರು. ಯಂತ್ರ ಸದ್ದು ಮಾಡಲಿಲ್ಲ. ಇನ್ನೊಂದು ಸಲ ಆಡಿಸಿದಳು. ಸೂಜಿಮಾಮ ಸ್ಟೂಲಿನಿಂದೆದ್ದು ಹೊರಗೆ ಹೋದರು.

“ಇರಲಿ ಬಿಡಿ” ಎಂದರು ಯಜಮಾನರು ಪೆಟ್ಟಿಗೆ ಮುಚ್ಚುತ್ತ. “ಇದೂ ಯಾರದ್ದೋ. ಅವರೂ ಹುಡುಕ್ತಿರ್ತಾರೆ. ಸಿಕ್ಕ ಜಾಗದಲ್ಲೇ ಬಿಟ್ಟು ಬರ್ತೀನಿ.”

ಅವತ್ತು ಮನೆಗೆ ಹೋದವಳು ಮಗುವನ್ನು ಎತ್ತಿಕೊಂಡು ಕೆಳಗಿಳಿಸಲೇ ಇಲ್ಲ. ಅತ್ತೆ ಒಂದೆರಡು ಸಲ ಕೇಳಿ, ಆಮೇಲೆ ಕೇಳುವುದನ್ನು ಬಿಟ್ಟು ಪಕ್ಕದಲ್ಲಿ ಕೂತರು. ಎಲ್ಲವನ್ನೂ ಅವರಿಗೆ ಹೇಳಿಕೊಂಡಳು. “ನನಗೆ ಹೇಳಿದ್ರೆ ನಿನ್ನ ಭಾರ ಇಳೀತು” ಎಂದರು ಅತ್ತೆ. “ಅವರದ್ದು?”

ಅಷ್ಟಾದರೂ ನಾಲ್ಕನೆಯ ಸೋಮವಾರ ಹೇಳಲಿಲ್ಲ. ಐದನೆಯದಕ್ಕೂ ಇಲ್ಲ.

ಆರನೆಯ ಸೋಮವಾರ ಯಜಮಾನರು ತಡವಾಗಿ ಬಂದರು. ಗಡ್ಡ ಬೋಳಿಸಿರಲಿಲ್ಲ. ಬೆರಳ ಸಂದಿಯಲ್ಲಿ ಒಣಗಿದ ಅಂಟು ಹಾಗೇ ಇತ್ತು. ಅವರು ಸುದ್ದಿ ಇದೆಯಾ ಎಂದು ಕೇಳಲಿಲ್ಲ.

“ತಂಗಿಗೆ ಹುಷಾರಿಲ್ಲ ಮೇಡಂ. ಎದೇಲಿ ಕಫ ಕಟ್ಟಿದೆ. ಹಿಂದಿನ ಕೋಣೆಯ ಕಿಟಕಿಯಿಂದ ಬರ್ತಿತ್ತು ಅದು, ಹಾಗಾಗಿ ಅವಳು ಕಿಟಕಿ ಮುಚ್ಚೋಕೆ ಬಿಡಲ್ಲ. ಈ ಚಳೀಲಿ ಹಗಲೂ ರಾತ್ರಿ ತೆರೆದೇ ಇದೆ. ಡಾಕ್ಟರು ಮುಚ್ಚಲೇಬೇಕು ಅಂದ್ರು. ನಾನು ಮುಚ್ಚಿದ್ರೆ ತಡವರಿಸ್ಕೊಂಡು ಎದ್ದು ಹೋಗಿ ತೆಗೀತಾಳೆ. ಬಂದು ನೋಡಿ ಹೊರಟುಹೋದ್ರೆ ಏನು ಮಾಡೋದು ಅಂತಾಳೆ.” ಅವರು ಕಿಟಕಿಯ ಕಟ್ಟೆಯನ್ನು ಉಗುರಿಂದ ಕೆರೆದರು. “ನಿಮ್ಮನ್ನ ಒಂದೇ ಒಂದು ಕೇಳ್ತೀನಿ. ಇಷ್ಟು ದಿನ ಆದ್ಮೇಲೆ ಅದು ಬರುತ್ತಾ, ಬರಲ್ವಾ? ಬರಲ್ಲ ಅಂದ್ರೆ ಬರಲ್ಲ ಅಂತ ಹೇಳಿ. ನಗರಸಭೆಯವರೇ ಹೇಳಿದ್ರು ಅಂದ್ರೆ ನಂಬ್ತಾಳೆ. ನನ್ನ ಮಾತು ಕೇಳಲ್ಲ.”

ಇದಕ್ಕಿಂತ ಬೇರೆ ಗಳಿಗೆ ಬೇಕಿರಲಿಲ್ಲ. ಅವಳು ಬಾಯಿ ತೆರೆದಳು.

“ನಾನು... ನೋಡಿ ಹೇಳ್ತೀನಿ” ಎಂದಳು.

“ಆಯ್ತಮ್ಮ” ಎಂದರು ಯಜಮಾನರು. ಇಷ್ಟು ದಿನ ಮೇಡಂ ಅನ್ನುತ್ತಿದ್ದವರು. ತಿರುಗಿ ಹೋದರು. ಗೇಟು ದಾಟುವವರೆಗೆ ಅವರ ಬೆನ್ನು ಕಾಣುತ್ತಿತ್ತು.

“ಎದ್ದು ಹೋಗು” ಎಂದರು ಸೂಜಿಮಾಮ, ಅವಳ ಕಡೆ ನೋಡದೆ. “ಅವತ್ತು ನಾನು ಹೇಳಿದ್ದು ಬೆಕ್ಕಿನ ವಿಷಯ. ಇದು ಆ ಹೆಂಗಸಿನ ವಿಷಯ.”

ಅವಳು ಓಡಿದಳು. ಗೇಟಿನಾಚೆ ಬಸ್ಸು ಹೊರಟಾಗಿತ್ತು. ವಾಪಸು ಬಂದು ಡ್ರಾಯರು ಎಳೆದು ರಟ್ಟಿನ ತುಂಡನ್ನು ಹುಡುಕಿದಳು. ಸ್ಟೇಪ್ಲರ್ ಪಿನ್ನು, ಹಳೆಯ ರಸೀದಿ ಪುಸ್ತಕಗಳ ಅಡಿಯಲ್ಲಿ ಸಿಕ್ಕಿತು. ನೀರಿನ ವಿಭಾಗದ ಹಿಂದಿನ ಮೆಟ್ಟಿಲಿಗೆ ಹೋಗಿ ಕೂತು ನಂಬರು ಒತ್ತಿದಳು. ಬಸ್ಸಿನಲ್ಲಿ, ಜನರ ಮಧ್ಯೆ ಅವರು ಇದನ್ನು ಕೇಳಬೇಕಾಗುತ್ತದಲ್ಲ ಎಂದು ಆಮೇಲೆ ಹೊಳೆಯಿತು. ಒತ್ತಿಯಾಗಿತ್ತು.

ಮೊದಲ ರಿಂಗು ಮುಗಿಯುವ ಮೊದಲೇ ಆ ಕಡೆ ಎತ್ತಿದರು.

“ಹಲೋ” ಎಂದದ್ದು ಹೆಣ್ಣುದನಿ. ಆಮೇಲೆ ಉದ್ದದ ಕೆಮ್ಮು. “ಯಾರು? ಅಣ್ಣ ಹೊರಗೆ ಹೋಗಿದ್ದಾನೆ. ಫೋನ್ ನನ್ನ ಹತ್ರ ಬಿಟ್ಟಿದ್ದಾನೆ.”

ಕತ್ತರಿಸಿಬಿಡಬಹುದಿತ್ತು. ರಾಂಗ್ ನಂಬರ್ ಅನ್ನಬಹುದಿತ್ತು.

“ನಾನಮ್ಮ. ನಗರಸಭೆಯಿಂದ. ಮೀಸೆ ಬರೆದುಕೊಂಡೆನಲ್ಲ, ಅವಳು.”

“ಸಿಕ್ತಾ?”

“ಇಲ್ಲಮ್ಮ. ಗೋಂದು ಇಲ್ಲ. ತೀರಿಕೊಂಡು ನಾಲ್ಕು ತಿಂಗಳಾಯ್ತು. ಗಾಡಿ ತಾಗಿತ್ತು. ಶೆಡ್ಡಿನಲ್ಲಿತ್ತು.”

“ಬಾಲದಲ್ಲಿ ಗಂಟಿತ್ತಾ?” ಎಂದರು ತಂಗಿ.

“ಇತ್ತು. ಚಿಪ್ಪೂ ಅದೇ.”

“ಅವತ್ತೇ ಹೋಯ್ತಾ?”

ಹೌದು ಎಂದರೆ ಅವರಿಗೂ ಹಗುರ, ಇವಳಿಗೂ ಹಗುರ. “ಇಲ್ಲ” ಎಂದಳು. “ಎಂಟು ದಿನ ಇತ್ತು. ನೋವಿಗೆ ಔಷಧ ಕೊಡ್ತಿದ್ರು. ನಿಮಗೆ ತಿಳಿಸೋಕೆ ಮೂರು ದಿನ ಫೋನ್ ಮಾಡಿದ್ರು. ಆ ಫೋನು ನನಗೆ ಬಂತು. ನಿಮ್ಮ ನಂಬರು ಹಾಕ್ತೀನಿ ಅಂತ ಹೇಳಿ ಹಾಕಿರಲಿಲ್ಲ, ನನ್ನದೇ ಇತ್ತು. ಯಾರೋ ಅಂತ ಮೂರು ಸಲವೂ ಕಟ್ ಮಾಡಿದೆ. ಐದು ವಾರದಿಂದ ಗೊತ್ತಿತ್ತು, ನಿಮ್ಮಣ್ಣನಿಗೆ ಹೇಳಲಿಲ್ಲ. ತಪ್ಪು ನನ್ನದು. ಶೆಡ್ಡಿನವರದಲ್ಲ, ನಿಮ್ಮದಂತೂ ಅಲ್ಲವೇ ಅಲ್ಲ.”

ಕೆಮ್ಮು ಬಂತು. ಕೆಮ್ಮಿನೊಳಗಿಂದ ಅಳು ಬಂತು. ಯಾವುದು ಎಲ್ಲಿ ಮುಗಿಯಿತೆಂದು ಗೊತ್ತಾಗುವಂತಿರಲಿಲ್ಲ. ಆ ಕಡೆಯಿಂದ ಬೈಗುಳ ಬಂದರೆ ತಲೆಬಾಗಿ ಕೇಳಬೇಕೆಂದು ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಎಂಟು ದಿನ” ಎಂದರು ತಂಗಿ. “ನನ್ನ ಕೈ ಸಿಗಲಿಲ್ಲ ಅದಕ್ಕೆ.”

“ಇಲ್ಲ.”

“ನೀನು ಮಾಡಿದ್ದು ದೊಡ್ಡದು.”

“ಹೌದಮ್ಮ.”

ಆ ಕೋಣೆಯ ಹೊರಗೆ ಯಾವುದೋ ಗಾಡಿ ಹಾದುಹೋದದ್ದು ಫೋನಿನಲ್ಲಿ ಕೇಳಿಸಿತು.

“ಫೋನ್ ಇಡ್ತೀಯಾ ಈಗ?”

“ಏನು ಮಾಡಲಿ ಹೇಳಿ.”

“ಇಡಬೇಡ. ಅಣ್ಣ ಬರೋಕೆ ಇನ್ನೂ ಹೊತ್ತಿದೆ. ನಾನೊಬ್ಬಳೇ ಇದೀನಿ.”

“ಇಡಲ್ಲ” ಎಂದಳು ಅವಳು, ಮೆಟ್ಟಿಲ ಗೋಡೆಗೆ ಒರಗಿಕೊಳ್ಳುತ್ತ. “ಇಲ್ಲೇ ಇದೀನಿ.”